ಲಕ್ಷಾಂತರ ಬಳಕೆದಾರರ ಲೆಕ್ಕವೂ ತಪ್ಪಾಗಬಹುದೆ?

ಓದುಗರ ಪ್ರಶ್ನೆ: ಮೊಬೈಲ್ ಆ್ಯಪ್‌ಗಳ ಲಕ್ಷಾಂತರ ಬಳಕೆದಾರರ ಮಾಹಿತಿ ನೋಡಿ ‘ಬಾಗಲಕೋಟೆ ಜಿಲ್ಲೆಯ ಮಹಿಳೆಯರಿಗೆ ಇಂಥದ್ದರಲ್ಲಿ ಆಸಕ್ತಿಯಿಲ್ಲ’ ಎಂದು ವರದಿ ಬರೆಯುತ್ತಾರೆ. ಅಷ್ಟು ದೊಡ್ಡ ಸಂಖ್ಯೆಯನ್ನು ನಂಬಬಾರದೆ?

ಉತ್ತರ: ಸಂಖ್ಯೆ ದೊಡ್ಡದು ಎಂಬ ಒಂದೇ ಕಾರಣಕ್ಕೆ ಖಂಡಿತ ನಂಬಬಾರದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವನ್ನು ಎಣಿಸಿ, ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಆದರೆ ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ವಿಳಾಸಗಳು ಬಂದದ್ದು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಉತ್ತರ ಬರೆದು ಕಳುಹಿಸಿದವರೂ ಸುಮ್ಮನಿದ್ದವರೂ ಒಂದೇ ಬಗೆಯವರಾಗಿರಲಿಲ್ಲ.

ಇಂದಿನ ಕೊರತೆಯೂ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಪುರುಷರು ಶೇ 57, ಮಹಿಳೆಯರು ಶೇ 33.

ಬಳಸುವವರ ದಾಖಲೆಯಾದರೂ ಸರಿಯಿರುತ್ತದೆಯೆ? ಇಳಕಲ್ಲಿನ ಒಬ್ಬ ನೇಕಾರ ತಾಯಿಯನ್ನು ಊಹಿಸಿಕೊಳ್ಳಿ. ಮನೆಗೆ ಇರುವುದು ಒಂದೇ ಸ್ಮಾರ್ಟ್‌ಫೋನ್, ಖಾತೆ ಮಗನ ಹೆಸರಿನಲ್ಲಿ. ಮಗ್ಗದ ಕೆಲಸ ಮುಗಿಸಿ ರಾತ್ರಿ ಆಕೆ ಸೀರೆಯ ಸೆರಗಿನ ವಿನ್ಯಾಸ ನೋಡಿದರೆ, ಸಾಲದ ಯೋಜನೆ ಹುಡುಕಿದರೆ, ದಾಖಲಾಗುವುದು ‘ಪುರುಷ, 22 ವರ್ಷ’ ಎಂದು. ಆಕೆಯ ಆಸಕ್ತಿ ಮಗನ ಲೆಕ್ಕಕ್ಕೆ ಜಮೆಯಾಯಿತು. ವರದಿಯಲ್ಲಿ ಆಕೆ ಇಲ್ಲವೇ ಇಲ್ಲ. ನನಗೆ ಅತ್ಯಂತ ಅನ್ಯಾಯ ಎನಿಸುವುದು ಇದೇ.

ಊರಿನ ಲೆಕ್ಕವೂ ಅಷ್ಟೇ ಅಲುಗಾಡುತ್ತದೆ. ಐಪಿ ವಿಳಾಸದಿಂದ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಸ್ಥಳ ಊಹಿಸಿದರೆ, ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದಲ್ಲಿ ಕುಳಿತವರು ಬೆಂಗಳೂರಿನವರಾಗಿ ಕಾಣಬಹುದು. 2014ರ ನವೆಂಬರ್‌ನಲ್ಲಿ ಬಿಜಾಪುರ ವಿಜಯಪುರವಾಯಿತು. ಹಳೆಯ ದಾಖಲೆಗಳನ್ನು ಹೊಂದಿಸದಿದ್ದರೆ ಒಂದೇ ಜಿಲ್ಲೆ ಎರಡಾಗುತ್ತದೆ, ಇಲ್ಲವೆ ಛತ್ತೀಸಗಡದ ಬಿಜಾಪುರದೊಂದಿಗೆ ಬೆರೆಯುತ್ತದೆ.

ಜನಗಣತಿಯ ಅನುಪಾತಕ್ಕೆ ತಕ್ಕಂತೆ ತೂಕ ಕೊಟ್ಟು, ಅಂದರೆ ಕಡಿಮೆ ಸಿಕ್ಕ ಗುಂಪಿನವರ ಉತ್ತರವನ್ನು ಹೆಚ್ಚು ಪಟ್ಟು ಎಣಿಸಿ, ಸರಿಪಡಿಸುತ್ತೇವೆ ಎಂದು ವಿಶ್ಲೇಷಕರು ಹೇಳುತ್ತಾರೆ. ಅದು ಒಳ್ಳೆಯ ಕ್ರಮವೇ. ಆದರೆ 2021ರ ಜನಗಣತಿ ಮುಂದಕ್ಕೆ ಹೋದುದರಿಂದ ಬಹುಕಾಲ 2011ರ ಅಂಕಿಗಳೇ ಆಧಾರವಾದವು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ಬಾಗಲಕೋಟೆ ನಗರದ ವಿದ್ಯಾಗಿರಿಯ ಕಾಲೇಜು ವಿದ್ಯಾರ್ಥಿನಿಯ ಉತ್ತರವನ್ನು ಮೂರು ಪಟ್ಟು ಮಾಡಿದರೆ ಅದು ಹುನಗುಂದದ ಕೃಷಿ ಕಾರ್ಮಿಕ ಮಹಿಳೆಯ ಉತ್ತರವಾಗುವುದಿಲ್ಲ. ಆಕೆಯ ಅಭಿಪ್ರಾಯ ಬೇಕಿದ್ದರೆ, ಕುಟುಂಬ ಆರೋಗ್ಯ ಸಮೀಕ್ಷೆಯವರು ಮಾಡುವಂತೆ ಮನೆಗಳನ್ನು ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಆರಿಸಿ, ಬಾಗಿಲಿಗೇ ಹೋಗಿ ಕೇಳಬೇಕು.