ಪಿನ್ ಹಾಕಿದರೆ ರೊಕ್ಕ ಹೋಗ್ತೈತಿ, ಬರೂದಿಲ್ಲ

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆ ಮುಗಿದ ವಾರ ರೂಮು ಖಾಲಿ ಮಾಡುವ ಹುಡುಗರು ಮಂಚ, ಕೂಲರ್, ಓದುವ ಟೇಬಲ್ಲಿನ ಫೋಟೊ ತೆಗೆದು ಹಳೆ ಸಾಮಾನು ಮಾರುವ ಆ್ಯಪಿಗೆ ಹಾಕುತ್ತಾರೆ. ಹತ್ತು ನಿಮಿಷದೊಳಗೆ ಬರುವ ಮೊದಲ ಫೋನಿನ ಬಗ್ಗೆಯೇ ಎಚ್ಚರ ಬೇಕು. ಕೂಲರಿಗೆ 3,500 ರೂಪಾಯಿ ಎಂದು ಬರೆದಿದ್ದರೆ ಫೋನ್ ಮಾಡಿದವ ಚೌಕಾಸಿ ಮಾಡುವುದಿಲ್ಲ. ಎಷ್ಟು ವರ್ಷದ್ದು, ಮೋಟರು ಒಮ್ಮೆಯಾದರೂ ಸುಟ್ಟಿತ್ತೇ, ಕೇಳುವುದಿಲ್ಲ. ನಮ್ಮ ಕಡೆ ಹಳೆ ಕುರ್ಚಿಯನ್ನೂ ನಾಲ್ಕು ಸಲ ಅಲುಗಾಡಿಸಿ ನೋಡದೆ ಯಾರೂ ಕೊಳ್ಳುವುದಿಲ್ಲ. ನೋಡದೆಯೇ ಪೂರ್ತಿ ದುಡ್ಡು ಕೊಡುತ್ತೇನೆ ಎನ್ನುವವನಿಗೆ ಬೇಕಿರುವುದು ಕೂಲರ್ ಅಲ್ಲ.

ಅವನ ಎರಡನೇ ಮಾತು ‘ವಾಟ್ಸ್ಆ್ಯಪಿಗೆ ಬನ್ನಿ’. ಆನ್‌ಲೈನ್ ವ್ಯಾಪಾರದ ಹೆಚ್ಚಿನ ಮೋಸಗಳ ಕೀಲು ಇರುವುದು ಇಲ್ಲೇ. ಆ್ಯಪಿನ ಒಳಗೆ ನಡೆದ ಮಾತುಕತೆ, ಕಟ್ಟಿದ ಹಣ, ಕೊಟ್ಟ ವಿಳಾಸ ಎಲ್ಲ ದಾಖಲೆಯಾಗಿ ಉಳಿಯುತ್ತವೆ. ಹಣ ತಡೆಹಿಡಿಯಲು, ಖಾತೆ ಮುಚ್ಚಿಸಲು ಒಬ್ಬ ಮೂರನೆಯವನು ಇರುತ್ತಾನೆ. ಹೊರಗೆ ಬಂದಿರೋ, ಇಬ್ಬರೇ ಉಳಿಯುತ್ತೀರಿ. ದುರ್ಗದಬೈಲಿನ ಅಂಗಡಿಯವ ‘ರೊಕ್ಕ ಇಲ್ಲಿ ಬ್ಯಾಡ, ಹಿಂದಿನ ಸಂದಿಗೆ ಬಂದು ಕೊಡ್ರಿ’ ಎಂದರೆ ಯಾರಾದರೂ ಹೋಗುತ್ತಾರೆಯೇ? ಫೋನಿನಲ್ಲಿ ಮಾತ್ರ ಹೋಗಿಬಿಡುತ್ತೇವೆ.

ವಾಟ್ಸ್ಆ್ಯಪಿಗೆ ಬಂದ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಮೊದಲು ನಿಜವಾಗಿಯೂ ಒಂದು ರೂಪಾಯಿ ಕಳಿಸುತ್ತಾನೆ. ‘ಬಂತಲ್ಲಾ? ಈಗ ಉಳಿದದ್ದನ್ನು ತಗೊಳ್ಳಲು ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ.’ ಒಂದು ರೂಪಾಯಿ ಬಂದದ್ದು ಸ್ಕ್ಯಾನ್ ಮಾಡದೆ, ಪಿನ್ ಹಾಕದೆ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯುವುದಿಲ್ಲ. ಹೊಳೆಯಬಾರದೆಂದೇ ಫೋನ್ ಇಡಲು ಬಿಡದೆ ಮಾತಾಡುತ್ತಲೇ ಇರುತ್ತಾನೆ.

ಯುಪಿಐ ಪಿನ್ ಎಂದರೆ ಚೆಕ್ಕಿನ ಮೇಲಿನ ಸಹಿ. ನಿಮ್ಮ ಖಾತೆಯಿಂದ ಹಣ ಹೊರಹೋಗಲು ಸಾಮಾನ್ಯವಾಗಿ ಅದು ಬೇಕು, ಬಾಕಿ ಎಷ್ಟಿದೆ ಎಂದು ನೋಡಲು ಬೇಕು. ಒಳಗೆ ಬರುವ ಹಣಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಒಟಿಪಿ ಬೇಡ. ನಿಮ್ಮ ಫೋನ್ ಬಂದ್ ಆಗಿದ್ದರೂ ಹಣ ಜಮೆಯಾಗುತ್ತದೆ. ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ‘ಹಣ ಕಳಿಸು’ ಎಂದು ವಿನಂತಿ ಒತ್ತುವ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ವ್ಯಾಪಾರಿ ಖಾತೆಗಳಿಂದ ವಿನಂತಿ ಈಗಲೂ ಬರುತ್ತದೆ, ಕ್ಯೂಆರ್ ಮತ್ತು ಲಿಂಕ್ ಇದ್ದೇ ಇವೆ. ‘ಆಟೊಪೇ’ ಎಂಬ ಪದ ಪರದೆಯಲ್ಲಿ ಕಂಡರೆ ಇನ್ನೂ ಜಾಗ್ರತೆ: ಅದಕ್ಕೆ ಒಮ್ಮೆ ಒಪ್ಪಿದರೆ ತಿಂಗಳು ತಿಂಗಳು ಕತ್ತರಿಸಿಕೊಳ್ಳಲು ಅನುಮತಿ ಕೊಟ್ಟಂತೆ. ಪಿನ್ ಒತ್ತುವ ಮುಂಚೆ ಎರಡು ಸೆಕೆಂಡು ನಿಂತು ಅದೇ ಪರದೆಯಲ್ಲಿ ಮೊತ್ತ ಎಷ್ಟು, ಯಾರ ಹೆಸರಿಗೆ ಎಂದು ಓದಿದರೆ ಸಾಕು. ಮೋಸಗಾರ ಆ ಹೆಸರನ್ನು ಬದಲಿಸಲಾರ. ಅದು ಬ್ಯಾಂಕಿನಲ್ಲಿ ದಾಖಲಾದ ಹೆಸರು.

ಇನ್ನೊಂದು ಆಟವೂ ಮಾರುವವರನ್ನೇ ಗುರಿ ಮಾಡುತ್ತದೆ. ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುವ ಹೆಣ್ಣುಮಕ್ಕಳು ಬಹಳ. ಅವರಿಗೆ 2,000 ರೂಪಾಯಿಯ ಆರ್ಡರ್ ಬರುತ್ತದೆ. ಸ್ವಲ್ಪ ಹೊತ್ತಿಗೆ 20,000 ಜಮೆ ಎಂಬ ಎಸ್ಸೆಮ್ಮೆಸ್ಸು, ಹಿಂದೆಯೇ ಫೋನು: ‘ಅಕ್ಕಾ, ಒಂದು ಸೊನ್ನೆ ಜಾಸ್ತಿ ಬಿತ್ತು, 18,000 ವಾಪಸ್ ಹಾಕಿ, ತಾಯಿ ಆಸ್ಪತ್ರೆಯಲ್ಲಿದ್ದಾಳೆ.’ ಎಸ್ಸೆಮ್ಮೆಸ್ಸು ಕಳಿಸಿದವನೂ ಅವನೇ. ಬ್ಯಾಂಕಿನ ಸಂದೇಶ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಅಕ್ಷರಗಳ ಹೆಸರಿನಿಂದ ಬರುತ್ತದೆ, ಈಗ ಅದರ ಕೊನೆಗೆ ಅಡ್ಡಗೆರೆ ಹಾಕಿ ವಹಿವಾಟಿಗೆ ‘ಟಿ’, ಸೇವೆಗೆ ‘ಎಸ್’, ಜಾಹೀರಾತಿಗೆ ‘ಪಿ’, ಸರ್ಕಾರಕ್ಕೆ ‘ಜಿ’ ಎಂಬ ಗುರುತಿನ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಸ್ಕ್ರೀನ್‌ಶಾಟ್ ಅಂತೂ ಪುರಾವೆಯೇ ಅಲ್ಲ. ಹಸಿರು ಟಿಕ್ ತೋರಿಸಿ ಟಿಂಗ್ ಎಂದು ಸದ್ದು ಮಾಡುವ ನಕಲಿ ಆ್ಯಪುಗಳೇ ಇವೆ. ನಿಜವಾದ ಯುಪಿಐ ಪಾವತಿಗೆ 12 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಯುಟಿಆರ್, ಇರುತ್ತದೆ. ಅದು ನಿಮ್ಮ ಬ್ಯಾಂಕ್ ಖಾತೆಯ ವಿವರದಲ್ಲಿ ಕಂಡರೆ ಮಾತ್ರ ಹಣ ಬಂದಿದೆ. ನಿಜಕ್ಕೂ ಹೆಚ್ಚು ಬಿದ್ದಿದ್ದರೆ ‘ನಿಮ್ಮ ಬ್ಯಾಂಕಿಗೆ ಹೇಳಿ, ಅವರ ಮೂಲಕವೇ ಬರಲಿ’ ಎನ್ನಿ. ನೀವೇ ಬೇರೆ ನಂಬರಿಗೆ ಹಾಕಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಭಾಗದ ಜನ ಸಿಕ್ಕಿಬೀಳುವುದು ಆಸೆಗಿಂತ ಹೆಚ್ಚಾಗಿ ಭಿಡೆಗೆ. ಅಷ್ಟು ಹೊತ್ತು ‘ಸರ’ ಎಂದು ಮಾತಾಡಿದವನ ಫೋನನ್ನು ಹ್ಯಾಂಗೆ ಕಟ್ ಮಾಡೂದು ಎಂಬ ಸಂಕೋಚ. ಅವನ ಬಂಡವಾಳವೇ ಅದು. ‘ಮನ್ಯಾಗ ಕೇಳಿ ಹೇಳ್ತೀನ್ರಿ’ ಎಂದು ಇಟ್ಟುಬಿಡಿ. ಭಿಡೆಯೂ ಉಳಿಯುತ್ತದೆ, ರೊಕ್ಕವೂ ಉಳಿಯುತ್ತದೆ.

ಹಳೆ ಬೈಕು, ಕಾರು, ಟ್ರ್ಯಾಕ್ಟರ್ ವಿಷಯಕ್ಕೆ ಬಂದರೆ ಮೊತ್ತ ದೊಡ್ಡದು, ತಂತ್ರ ಹಳೆಯದು. ಕೆಎ-25 (ಧಾರವಾಡ) ಅಥವಾ ಕೆಎ-63 (ಹುಬ್ಬಳ್ಳಿ) ನಂಬರಿನ ಸ್ಕೂಟರ್, ಪೇಟೆಯಲ್ಲಿ 60,000 ನಡೆಯುವಂಥದ್ದು, 22,000ಕ್ಕೆ ಹಾಕಿರುತ್ತಾರೆ. ಮಾಲೀಕ ತಾನು ಸೈನಿಕ, ವರ್ಗವಾಗಿದೆ ಎನ್ನುತ್ತಾನೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಕೇಳುವ ಮುಂಚೆಯೇ ಕಳಿಸುತ್ತಾನೆ. ಅವು ಇನ್ಯಾರದೋ ಕದ್ದ ದಾಖಲೆಗಳು. ಗಾಡಿ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿದೆ, ಮನೆಗೇ ಪಾರ್ಸೆಲ್ ಮಾಡಿಸುತ್ತೇನೆ, ಸಾಗಣೆಗೆ 2,150 ಕಟ್ಟಿ. ಕಟ್ಟಿದ ಮೇಲೆ ಜಿಎಸ್‌ಟಿ 5,299. ಆಮೇಲೆ ವಾಪಸ್ ಬರುವ ಠೇವಣಿ, ಆಮೇಲೆ ತಡವಾದದ್ದಕ್ಕೆ ದಂಡ. ಮೊತ್ತಗಳು ದುಂಡಾಗಿರುವುದಿಲ್ಲ, ಏಕೆಂದರೆ ಬಿಡಿ ಅಂಕಿಗಳು ರಸೀದಿಯಂತೆ ಕಾಣುತ್ತವೆ. ಜನ ನಾಲ್ಕನೇ ಕಂತನ್ನೂ ಕಟ್ಟುವುದು ಮೊದಲ ಮೂರನ್ನು ಉಳಿಸಿಕೊಳ್ಳಲು.

ಗಾಡಿ ಕಣ್ಣಿಂದ ನೋಡದೆ ಟೋಕನ್ ಕೊಡುವುದು ಬೇಡ, ಇದರಲ್ಲಿ ವಿನಾಯಿತಿ ಇಲ್ಲ. ನೋಡಲು ಹೋಗುವ ಮುಂಚೆ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ. ಮಾಲೀಕನ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತವೆ, ಆದರೂ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ವಿಮೆ, ಮಾಡೆಲ್, ಸಾಲದ ನಮೂದು ಕಾಣುತ್ತವೆ. ಗಾಡಿಯ ಮುಂದೆ ನಿಂತಾಗ ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಸಾಲ ಇದ್ದರೆ ತಕರಾರಿಲ್ಲ ಎಂಬ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30 ಸಹಿಯಾಗದೆ ಪೂರ್ತಿ ಹಣ ಕೈಬಿಡಬೇಡಿ. ಹಳೆ ಮೊಬೈಲಿಗೂ ಇದೇ ಬಗೆಯ ಪರೀಕ್ಷೆ ಇದೆ: *#06# ಒತ್ತಿ, ಬರುವ 15 ಅಂಕಿಯ ಐಎಂಇಐಯನ್ನು (ಫೋನಿನ ಗುರುತಿನ ಸಂಖ್ಯೆ) ಸರ್ಕಾರದ ಸಂಚಾರ ಸಾಥಿ ಆ್ಯಪಿನಲ್ಲಿ ಹಾಕಿ ನೋಡಿ. ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಪೆಟ್ಟಿಗೆಯ ಮೇಲಿನ ನಂಬರಲ್ಲ, ಪರದೆಯ ಮೇಲೆ ಬಂದ ನಂಬರ್.

ಹೊಸ ಸಾಮಾನಿನ ಮೋಸ ಬೇರೆ ತರಹದ್ದು. ಶ್ರಾವಣ ಬಂದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ತುಂಬ ‘ಕೈಮಗ್ಗದ ಇಳಕಲ್ ಸೀರೆ 499’ ಎಂಬ ಜಾಹೀರಾತು. ಗಜೇಂದ್ರಗಡದ ಮಗ್ಗದವರನ್ನು ಕೇಳಿದರೆ ನೂಲಿನ ಖರ್ಚೂ ಹುಟ್ಟದ ಬೆಲೆ ಎನ್ನುತ್ತಾರೆ. ಇಳಕಲ್ ಸೀರೆಯ ಗುರುತು ಸೆರಗನ್ನು ಮೈಗೆ ಕೂಡಿಸುವ ರೀತಿಯಲ್ಲಿದೆ. ಮೈಯ ಹಾಸಿನ, ಅಂದರೆ ಉದ್ದನೆಯ, ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಆ ಕೂಡುವ ಜಾಗದ ಹಿಂಬದಿಯ ಫೋಟೊ ಕೇಳಿ. ಕೈಯಲ್ಲಿ ಸೀರೆ ಇರುವವನು ನಿಮಿಷದಲ್ಲಿ ಕಳಿಸುತ್ತಾನೆ, ಬೇರೆಯವರ ಫೋಟೊ ಎತ್ತಿಕೊಂಡವನು ಮಾತು ತಿರುಗಿಸುತ್ತಾನೆ.

ಗೊತ್ತಿಲ್ಲದ ವೆಬ್‌ಸೈಟಾದರೆ ಕೆಳತುದಿಗೆ ಹೋಗಿ ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ ಹುಡುಕಿ. ಆ ಸಂಖ್ಯೆ 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಮಾಲೀಕನ ಪ್ಯಾನ್. ಜಿಎಸ್‌ಟಿ ಜಾಲತಾಣದ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿದರೆ ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಪುಕ್ಕಟೆ ಸಿಗುತ್ತದೆ. ಹುಬ್ಬಳ್ಳಿ ವಿಳಾಸ ಹಾಕಿ 07 ಎಂದು ಶುರುವಾಗುವ ನಂಬರ್ ಕೊಟ್ಟಿದ್ದರೆ ಅದು ದೆಹಲಿಯದು. ಜಿಎಸ್‌ಟಿ ಇಲ್ಲ ಎಂದ ಮಾತ್ರಕ್ಕೆ ಮೋಸಗಾರ ಎನ್ನಲಾಗದು, ಸಣ್ಣ ವಹಿವಾಟಿನವರಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇನ್ನೊಬ್ಬರ ಸಂಖ್ಯೆ ಹಾಕಿಕೊಂಡವನು ಮೋಸಗಾರ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಬ್ಯಾಡಗಿ ಮೆಣಸಿನಪುಡಿ, ಧಾರವಾಡ ಪೇಡೆಯಂಥ ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತೆಯ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು, ಅದನ್ನೂ ಆನ್‌ಲೈನಿನಲ್ಲಿ ಪರೀಕ್ಷಿಸಬಹುದು.

ಪಾರ್ಸೆಲ್ ಬಂದ ಮೇಲೆ ಹಣ ಕೊಟ್ಟರೆ ಸುರಕ್ಷಿತ ಎಂಬ ನಂಬಿಕೆ ಅರ್ಧ ಸತ್ಯ. ಕೊರಿಯರ್ ಹುಡುಗ ಸಾಮಾನ್ಯವಾಗಿ ಹಣ ಕೈಗೆ ಬಂದ ಮೇಲೆಯೇ ಪೆಟ್ಟಿಗೆ ಕೊಡುತ್ತಾನೆ. ಸೀರೆ ಬದಲು ಹಳೆ ಬಟ್ಟೆ ಇದ್ದರೆ ಅವನು ಹೊಣೆಯಲ್ಲ. ಮನೆಯಲ್ಲಿ ಯಾರೂ ತರಿಸದ ಪಾರ್ಸೆಲ್ ಬಂದು 699 ಕೊಡಿ ಎನ್ನುವುದೂ ನಡೆಯುತ್ತಿದೆ, ಅಜ್ಜ-ಅಜ್ಜಿ ಮಾತ್ರ ಇರುವ ಹೊತ್ತಿನಲ್ಲಿ. ಮೊಬೈಲ್, ಲ್ಯಾಪ್‌ಟಾಪ್‌ನಂಥ ದುಬಾರಿ ಸಾಮಾನಿಗೆ ‘ಓಪನ್ ಬಾಕ್ಸ್ ಡೆಲಿವರಿ’ ಇದ್ದರೆ ಅದನ್ನೇ ಆರಿಸಿ. ಬಿಚ್ಚಿ ನೋಡಿ, ಫೋನ್ ಆನ್ ಆಗುವುದನ್ನು ಕಂಡ ಮೇಲೆ ಒಟಿಪಿ ಹೇಳಿ. ಮುಂಚೆಯೇ ಹೇಳಿದರೆ ಕಂಪನಿಯ ಲೆಕ್ಕದಲ್ಲಿ ನೀವು ಸರಿಯಾದ ಸಾಮಾನನ್ನೇ ಪಡೆದಿದ್ದೀರಿ. ಆ ಸೌಲಭ್ಯ ಇಲ್ಲದಿದ್ದರೆ ವಿಡಿಯೊ ಮಾಡಿ: ಬಿಚ್ಚದ ಪೆಟ್ಟಿಗೆಯ ಆರೂ ಬದಿ, ಟೇಪು, ಚೀಟಿಯ ಮೇಲಿನ ಹೆಸರು ಮತ್ತು ಕೊರಿಯರ್ ಸಂಖ್ಯೆ, ಆಮೇಲೆ ನಡುವೆ ನಿಲ್ಲಿಸದೆ ಕತ್ತರಿಸುವುದು. ಅಡುಗೆಮನೆಯ ತಕ್ಕಡಿ ಇದ್ದರೆ ಬಿಚ್ಚುವ ಮುಂಚೆ ತೂಗಿ ಅದನ್ನೂ ತೋರಿಸಿ.

ಸಾಮಾನು ಕೆಟ್ಟಾಗ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಸಿಕ್ಕ ನಂಬರಿಗೆ ಮಾಡಬೇಡಿ. ಆ್ಯಪಿನ ಒಳಗಿನ ಸಹಾಯವಾಣಿಯೊಂದೇ ದಾರಿ. ಎಪಿಕೆ ಫೈಲ್ (ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪ್) ಹಾಕಿಕೊಳ್ಳಿ, ಪರದೆ ಹಂಚಿಕೊಳ್ಳಿ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಡೆಲಿವರಿಯವ ದಾರಿ ತಪ್ಪಿದ್ದಾನೆ, *401* ಅಥವಾ *21* ಒತ್ತಿ ಈ ನಂಬರ್ ಹಾಕಿ’ ಎಂಬುದು ನಿಮ್ಮ ಕರೆಗಳನ್ನು ಅವರತ್ತ ತಿರುಗಿಸುವ ಉಪಾಯ. ಒತ್ತಿಬಿಟ್ಟಿದ್ದರೆ ##002# ಒತ್ತಿ ಬಿಡಿಸಿಕೊಳ್ಳಿ.

ಹಣ ಹೋಗಿಯೇ ಬಿಟ್ಟರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಠಾಣೆಗೆ ಆಮೇಲೆ ಹೋಗಬಹುದು. ಕದ್ದ ಹಣ ಒಂದು ಖಾತೆಯಲ್ಲಿ ಕೂರುವುದಿಲ್ಲ, ಬಾಡಿಗೆ ಖಾತೆಗಳಿಗೆ ತುಂಡು ತುಂಡಾಗಿ ಹರಿದು ಎಲ್ಲೋ ಎಟಿಎಮ್ಮಿನಲ್ಲಿ ಹೊರಬರುತ್ತದೆ. ಅಷ್ಟರೊಳಗೆ ದೂರು ಮುಟ್ಟಿದರೆ ಉಳಿದದ್ದನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ. ಕರೆ ಮಾಡುವಾಗ ಯುಟಿಆರ್, ಮೊತ್ತ, ಹೊತ್ತು, ನಿಮ್ಮ ಬ್ಯಾಂಕು, ಅವನ ಯುಪಿಐ ಐಡಿ ಕೈಯಲ್ಲಿರಲಿ. ನಂತರ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ, ಸಿಗುವ ಸಂಖ್ಯೆಯನ್ನು ಬ್ಯಾಂಕ್ ಶಾಖೆಗೆ ಬರವಣಿಗೆಯಲ್ಲಿ ಕೊಡಿ. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್, ಗದಗ, ಹಾವೇರಿ ಮೂರೂ ಕಡೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಸಿಇಎನ್ ಠಾಣೆಗಳಿವೆ. ಸಿಟ್ಟಿಗೆ ಚಾಟ್ ಅಳಿಸಬೇಡಿ. ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಮರುವಾರ ಬರುವ ಫೋನು ಹಳೆ ಮೋಸದ ಎರಡನೇ ಕಂತು.

ಬ್ಯಾಂಕು ಹಣ ತುಂಬಿಕೊಡಬೇಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕನ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ಹಣ ಎಗರಿಸಿ, ಅದನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಪೂರ್ತಿ ರಕ್ಷಣೆ ಕೊಟ್ಟಿತು. ನೀವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಅದರ ಆಸರೆ ಸಿಗುವುದು ಕಷ್ಟ. ಕ್ಯೂಆರ್ ಮೋಸದಲ್ಲಿ 1930ರ ವೇಗವೇ ಎಲ್ಲ ಎನ್ನುವುದು ಅದಕ್ಕೆ.

ಮಾರುಕಟ್ಟೆ ಆ್ಯಪಿನಲ್ಲೇ ಕೊಂಡು, ಅಲ್ಲೇ ಹಣ ಕಟ್ಟಿ, ಸಾಮಾನು ಸುಳ್ಳು ಬಂದಿದ್ದರೆ ದಾರಿ ಬೇರೆ, ಮತ್ತು ಗಟ್ಟಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ತಾಸಿನೊಳಗೆ ದೂರು ಮುಟ್ಟಿದೆ ಎನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನೀವು ಬರೆದು ಕೇಳಿದರೆ ಮಾರಿದವನ ವಿವರ ಕೊಡಬೇಕು. ಆಗದಿದ್ದರೆ 1915ರ ಗ್ರಾಹಕ ಸಹಾಯವಾಣಿ, ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ಅದು ಇಲ್ಲಿಗೇ ಬರಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಸಪ್ತಾಪುರದ ಹುಡುಗ ಇನ್ನೊಬ್ಬ ಹುಡುಗನಿಂದ ಕೊಂಡ ಹಳೆ ಕೂಲರಿನ ಜಗಳ ಅಲ್ಲಿ ನಡೆಯದು, ಏಕೆಂದರೆ ಮಾರಿದವ ವ್ಯಾಪಾರಿಯಲ್ಲ.

ಪೆಟ್ಟಿಗೆ ಬಿಚ್ಚಿದ ವಿಡಿಯೊ ಆಯೋಗದ ಮುಂದೆ ಸಾಕ್ಷಿಯಾಗಿ ಗಟ್ಟಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಜೊತೆಗಿಡುವುದು ಒಳ್ಳೆಯದು. ಅದರಲ್ಲಿ ಯಾವ ಫೋನಿನಲ್ಲಿ ತೆಗೆದದ್ದು ಎಂಬುದೂ ಬರುತ್ತದೆ. ವಿಡಿಯೊ ಕತ್ತರಿಸಬೇಡಿ, ವಾಟ್ಸ್ಆ್ಯಪಿನಲ್ಲಿ ಕಳಿಸಿ ಕುಗ್ಗಿಸಿದ ಪ್ರತಿಯನ್ನು ಮೂಲವೆಂದು ಇಟ್ಟುಕೊಳ್ಳಬೇಡಿ. ಕೇಸು ಮುಗಿಯುವವರೆಗೆ ಆ ಫೋನನ್ನು ಎಕ್ಸ್‌ಚೇಂಜ್ ಆಫರಿಗೂ ಹಾಕಬೇಡಿ.