ಫೋನಿಗೆ ಅಪ್‌ಡೇಟ್ ಕಳುಹಿಸಬೇಕಾದವರು ಯಾರು?

ಪ್ರಶ್ನೆ: ಆಂಡ್ರಾಯ್ಡ್‌ನ ಹೊಸ ಆವೃತ್ತಿಯನ್ನು ಗೂಗಲ್ ಬಿಡುಗಡೆ ಮಾಡಿ ತಿಂಗಳುಗಳೇ ಕಳೆದರೂ ನನ್ನ ಫೋನಿಗೆ ಅದು ಬಂದಿಲ್ಲ. ಅದನ್ನು ಕಳುಹಿಸಬೇಕಾದವರು ಗೂಗಲ್‌ನವರೇ, ಫೋನ್ ಕಂಪನಿಯವರೇ, ಸಿಮ್ ಕೊಟ್ಟವರೇ?

ಉತ್ತರ: ಫೋನ್ ತಯಾರಿಸಿದ ಕಂಪನಿಯವರು. ಐಫೋನಿನಲ್ಲಿ ಯಂತ್ರವೂ ತಂತ್ರಾಂಶವೂ ಆ್ಯಪಲ್‌ನದೇ ಆಗಿರುವುದರಿಂದ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಗೂಗಲ್ ತನ್ನದೇ ಹೆಸರಿನಲ್ಲಿ ಮಾರುವ ಪಿಕ್ಸೆಲ್ ಫೋನುಗಳ ಹೊಣೆಯೂ ಗೂಗಲ್‌ನದೇ. ಗೊಂದಲವಿರುವುದು ಉಳಿದ ಆಂಡ್ರಾಯ್ಡ್ ಫೋನುಗಳ ವಿಷಯದಲ್ಲಿ.

ಗೂಗಲ್ ಹೊರತರುವುದು ಆಂಡ್ರಾಯ್ಡ್‌ನ ಸೋರ್ಸ್ ಕೋಡನ್ನು, ಅಂದರೆ ತಂತ್ರಾಂಶದ ಮೂಲ ಬರಹವನ್ನು. ಅದನ್ನು ಹಾಗೆಯೇ ಯಾವ ಫೋನಿಗೂ ತುಂಬಲಾಗದು. ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂತಹ ಚಿಪ್ ತಯಾರಕರು ತಮ್ಮ ಚಿಪ್‌ಗಳಿಗೆ ತಕ್ಕ ಡ್ರೈವರ್‌ಗಳನ್ನು, ಅಂದರೆ ಚಿಪ್ಪನ್ನು ಆಂಡ್ರಾಯ್ಡ್ ಬಳಸಲು ಬೇಕಾದ ತಂತ್ರಾಂಶಗಳನ್ನು, ಒದಗಿಸಬೇಕು. ಫೋನ್ ಕಂಪನಿ ಅವನ್ನು ತನ್ನ ಕ್ಯಾಮೆರಾ, ಪರದೆ ಮತ್ತು (ಸ್ಯಾಮ್‌ಸಂಗ್‌ನ ಒನ್ ಯುಐನಂತಹ) ತನ್ನದೇ ವಿನ್ಯಾಸದೊಂದಿಗೆ ಹೊಂದಿಸಿ, ಒಂದೊಂದು ಮಾದರಿಯಲ್ಲೂ ಪರೀಕ್ಷಿಸಿ, ಸಿದ್ಧವಾದ ಪ್ಯಾಕೇಜ್‌ಗೆ ತನ್ನ ಡಿಜಿಟಲ್ ಸಹಿ ಹಾಕುತ್ತದೆ. ಆ ಸಹಿ ಇಲ್ಲದ ಅಪ್‌ಡೇಟನ್ನು ಫೋನ್ ಒಪ್ಪಿಕೊಳ್ಳುವುದೇ ಇಲ್ಲ. ಹೀಗಾಗಿ ಇಡೀ ಆವೃತ್ತಿಯನ್ನು ನೇರವಾಗಿ ನಿಮಗೆ ತಲುಪಿಸುವುದು ಗೂಗಲ್‌ನ ಕೈಯಲ್ಲಿಲ್ಲ. ಸಿಮ್ ಕಂಪನಿಯ ಪಾತ್ರ ಸಣ್ಣದು: ಕೆಲವು ದೇಶಗಳಲ್ಲಿ, ಅವರ ಮೂಲಕವೇ ಮಾರಾಟವಾದ ಫೋನುಗಳಿಗೆ ಅವರ ಪರೀಕ್ಷೆ ಮುಗಿಯುವವರೆಗೆ ಕಾಯಬೇಕಾಗಬಹುದು.

ಚಿಪ್ ತಯಾರಕರು ಬೆಂಬಲ ನಿಲ್ಲಿಸಿದ್ದಾರೆ ಎಂಬ ಸಮಜಾಯಿಷಿಯನ್ನು ಕಂಪನಿಗಳು ಆಗಾಗ ನೀಡುತ್ತವೆ. ಅದರಲ್ಲಿ ಸತ್ಯಾಂಶವಿದೆ, ಆದರೂ ಆ ಚಿಪ್ಪನ್ನು ಆರಿಸಿಕೊಂಡು, ತನ್ನ ಹೆಸರಿನಲ್ಲಿ ಫೋನ್ ಮಾರಿದ್ದು ಆ ಕಂಪನಿಯೇ ಆಗಿರುವಾಗ ಹೊಣೆ ಬೇರೆಯವರಿಗೆ ವರ್ಗವಾಗುತ್ತದೆಂದು ನಾನು ಒಪ್ಪುವುದಿಲ್ಲ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಬಂದ ಪ್ರಾಜೆಕ್ಟ್ ಟ್ರೆಬಲ್, ಚಿಪ್‌ಗೆ ಸಂಬಂಧಿಸಿದ ಭಾಗವನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿ ಈ ಕೆಲಸವನ್ನು ಸಾಕಷ್ಟು ಹಗುರಗೊಳಿಸಿತು. 2024ರ ಗ್ಯಾಲಕ್ಸಿ ಎಸ್24 ಸರಣಿಗೆ ಸ್ಯಾಮ್‌ಸಂಗ್ 7 ವರ್ಷಗಳ ಅಪ್‌ಡೇಟ್ ಘೋಷಿಸಿದ್ದನ್ನು ನೋಡಿದರೆ, ದೀರ್ಘ ಬೆಂಬಲ ಅಸಾಧ್ಯವೇನಲ್ಲ ಎಂಬುದು ಸ್ಪಷ್ಟ. ಬ್ರಿಟನ್‌ನ ಕಾನೂನು ಕೂಡ, ಭದ್ರತಾ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಸಿಗುತ್ತದೆಂದು ಪ್ರಕಟಿಸುವ ಹೊಣೆಯನ್ನು 2024ರ ಏಪ್ರಿಲ್ 29ರಿಂದ ತಯಾರಕರ ಮೇಲೆಯೇ ಹೊರಿಸಿದೆ.

ಹಾಗೆಂದು ಗೂಗಲ್ ನಿಮ್ಮ ಫೋನಿಗೆ ಏನನ್ನೂ ಕಳುಹಿಸುವುದಿಲ್ಲವೆಂದಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆವೃತ್ತಿಯ ವಿವರ ತೆರೆದರೆ ಸಾಮಾನ್ಯವಾಗಿ ಎರಡು ದಿನಾಂಕಗಳು ಕಾಣುತ್ತವೆ. ಭದ್ರತಾ ಅಪ್‌ಡೇಟ್ ಎಂಬಲ್ಲಿರುವ ದಿನಾಂಕ ಫೋನ್ ಕಂಪನಿಯ ಕೆಲಸವನ್ನು ತೋರಿಸುತ್ತದೆ. ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್ ಎಂಬಲ್ಲಿರುವುದು, 2019ರ ಆಂಡ್ರಾಯ್ಡ್ 10ರಿಂದೀಚೆಗೆ ವ್ಯವಸ್ಥೆಯ ಕೆಲವು ಭಾಗಗಳನ್ನು ಪ್ಲೇ ಮೂಲಕ ನವೀಕರಿಸುವ ಏರ್ಪಾಡಿಗೆ ಸೇರಿದ್ದು. ಎರಡನೆಯದು ಹೊಸದಾಗಿದ್ದು ಮೊದಲನೆಯದು ಬಹಳ ಹಳೆಯದಾಗಿದ್ದರೆ ಕೆಲಸ ನಿಂತಿರುವುದು ಫೋನ್ ಕಂಪನಿಯಲ್ಲಿ ಎಂದೇ ತಿಳಿಯಬಹುದು.

ಆವೃತ್ತಿಯ ಸಂಖ್ಯೆಗಿಂತ ಆ ಮೊದಲ ದಿನಾಂಕವೇ ಮುಖ್ಯ. ಹಳೆಯ ಆವೃತ್ತಿಯಲ್ಲೇ ಇದ್ದರೂ ಭದ್ರತಾ ದೋಷಗಳಿಗೆ ಪರಿಹಾರ ಸಿಗುತ್ತಿರುವ ಫೋನನ್ನು ನೆಮ್ಮದಿಯಿಂದ ಬಳಸಬಹುದು. ಅಪ್‌ಡೇಟನ್ನು ಎಲ್ಲ ಫೋನುಗಳಿಗೂ ಒಂದೇ ದಿನ ಕಳುಹಿಸದೆ ಹಂತಹಂತವಾಗಿ ಬಿಡುವುದು ವಾಡಿಕೆಯಾದ್ದರಿಂದ, ಕಂಪನಿ ನಿಮ್ಮ ಮಾದರಿಗೆ ಅದನ್ನು ಘೋಷಿಸಿದ್ದರೆ ಕೆಲವು ವಾರ ಕಾಯಿರಿ. ಘೋಷಿಸಿಯೇ ಇಲ್ಲವಾದರೆ ಮಾದರಿ ಸಂಖ್ಯೆ, ಬಿಲ್ಡ್ ಸಂಖ್ಯೆ (ಫೋನಿನಲ್ಲಿ ಈಗಿರುವ ತಂತ್ರಾಂಶದ ಗುರುತು) ಹಾಗೂ ಆ ದಿನಾಂಕವನ್ನು ನಮೂದಿಸಿ ಫೋನ್ ಕಂಪನಿಯ ಗ್ರಾಹಕ ಸೇವೆಗೇ ಬರೆದು ಕೇಳಿರಿ.