ಫರ್ಡಿನಾಂಡಿಯಾ ಮುಳುಗಲಿಲ್ಲ, ಕೊಚ್ಚಿಹೋಯಿತು

1831ರ ಜುಲೈಯಲ್ಲಿ ಇಟಲಿಯ ಸಿಸಿಲಿ ದ್ವೀಪದ ದಕ್ಷಿಣಕ್ಕೆ, ಶಾಕ್ಕಾ ಎಂಬ ಊರಿನಾಚೆಯ ಸಮುದ್ರದಲ್ಲಿ ಫರ್ಡಿನಾಂಡಿಯಾ ಎಂಬ ಹೊಸ ದ್ವೀಪ ಎದ್ದಿತು. ಮುಂದಿನ ವರ್ಷದ ಶುರುವಿಗೆ ಅದು ಇರಲೇ ಇಲ್ಲ. ಈ ಕಥೆ ಹೇಳುವವರು 'ದ್ವೀಪ ಮುಳುಗಿತು' ಅಂತಾರೆ, ಆಮೇಲೆ ನಿಗೂಢ, ಶಾಪ ಅಂತ ಏನೇನೋ ಸೇರಿಸುತ್ತಾರೆ. ಇದನ್ನು ಕೇಳಿದಾಗೆಲ್ಲ ನನಗೆ ತಡೆಯೋಕಾಗಲ್ಲ. ಅದು ಮುಳುಗಲಿಲ್ಲ. ಅಲೆಗಳು ಅದನ್ನು ಕೊರೆದು ಕೊಚ್ಚಿಕೊಂಡು ಹೋದವು. ಅದು ಗಟ್ಟಿ ಬಂಡೆಯಲ್ಲ, ಬರೀ ಬೂದಿಯ ಗುಡ್ಡೆ.

ಆಳ ಸಮುದ್ರದಲ್ಲಿ ಜ್ವಾಲಾಮುಖಿ ಬಾಯಿ ತೆರೆದರೆ ದೊಡ್ಡ ಗದ್ದಲವೇನೂ ಆಗುವುದಿಲ್ಲ. ಮೇಲಿನ ನೀರಿನ ಭಾರಕ್ಕೆ ಹಬೆ ಹಿಗ್ಗಲಾರದು, ಶಿಲಾರಸ ಅಲ್ಲಲ್ಲೇ ಹೆಪ್ಪುಗಟ್ಟುತ್ತದೆ. ಹೀಗೆ ಪದರದ ಮೇಲೆ ಪದರ ಬೆಳೆದು ಬಾಯಿ ನೀರಿನ ಮಟ್ಟಕ್ಕೆ ಹತ್ತಿರ ಬಂದಾಗ ನೋಡಿ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ! ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಆ ರಭಸಕ್ಕೆ ಸಾವಿರ ಡಿಗ್ರಿ ದಾಟಿದ ಶಿಲಾರಸ ಪುಡಿಪುಡಿಯಾಗಿ ಸಿಡಿದು, ಬಾಯಿಯ ಸುತ್ತ ಕಪ್ಪು ಬೂದಿಯಾಗಿ ಬಿದ್ದು ಗುಡ್ಡೆಯಾಗುತ್ತದೆ. ಆ ಪುಡಿಯನ್ನು ಹಿಡಿದಿಡುವಂಥದ್ದು ಏನೂ ಇಲ್ಲ. ಬಾಯಿಗೆ ನೀರು ನುಗ್ಗುತ್ತಿರುವಷ್ಟು ದಿನವೂ ಬರುವುದು ಬೂದಿಯೇ. ಗುಡ್ಡೆ ಬೆಳೆದು ನೀರನ್ನು ಹೊರಗೇ ತಡೆದರೆ ಮಾತ್ರ ಲಾವಾ ಸದ್ದಿಲ್ಲದೆ ಹರಿದು ಗಟ್ಟಿ ಕಲ್ಲಾಗಿ ಬೂದಿಯನ್ನು ಮುಚ್ಚುತ್ತದೆ. ಐಸ್‌ಲ್ಯಾಂಡಿನ ಸರ್ಟ್ಸಿ ದ್ವೀಪ 1963ರಲ್ಲಿ ಹೀಗೇ ಹುಟ್ಟಿತು. 1964ರಲ್ಲಿ ಅಲ್ಲಿ ಲಾವಾ ಹರಿಯಿತು, ಅದಕ್ಕೇ ಸವೆಯುತ್ತಿದ್ದರೂ ಇವತ್ತಿಗೂ ನಿಂತಿದೆ. ಫರ್ಡಿನಾಂಡಿಯಾದಲ್ಲಿ ಆಗಸ್ಟ್‌ನಲ್ಲೇ ಸ್ಫೋಟ ನಿಂತುಹೋಯಿತು. ಲಾವಾ ಹರಿಯುವ ಹೊತ್ತೇ ಬರಲಿಲ್ಲ.

ಆದರೆ 60 ಮೀಟರ್‌ಗೂ ಎತ್ತರದ ಆ ಬೂದಿಗೆ ಎಷ್ಟು ಕಿತ್ತಾಟ! ಆಗಸ್ಟ್ ಮೊದಲ ವಾರದಲ್ಲಿ ಬ್ರಿಟಿಷರು ಇಳಿದು ಬಾವುಟ ನೆಟ್ಟು, ತಮ್ಮ ನೌಕಾಮಂತ್ರಿ ಗ್ರಹಾಂ ಹೆಸರಿಟ್ಟರು. ಸಿಸಿಲಿ ಮತ್ತು ದಕ್ಷಿಣ ಇಟಲಿ ಸೇರಿದ್ದ 'ಎರಡು ಸಿಸಿಲಿಗಳು' ಎಂಬ ರಾಜ್ಯದ ರಾಜ ಎರಡನೇ ಫರ್ಡಿನಾಂಡ್ ಅದು ತನ್ನದೆಂದ. ಸೆಪ್ಟೆಂಬರ್‌ನಲ್ಲಿ ಬಂದ ಫ್ರೆಂಚ್ ಭೂವಿಜ್ಞಾನಿ ಕಾನ್‌ಸ್ತಾಂ ಪ್ರೆವೋ, ಜುಲೈಯಲ್ಲಿ ಹುಟ್ಟಿದ್ದಕ್ಕೆ ಜೂಲಿಯಾ ಅಂದ. ಅಷ್ಟರಲ್ಲಿ ಅಲೆಗಳು ಕೆಲಸ ಶುರು ಮಾಡಿಯಾಗಿತ್ತು.

ಅದೇ ಕಡಲಿನ ಪಾಂಟೆಲೇರಿಯಾ, ಲಿನೋಸಾ ಎರಡೂ ಜ್ವಾಲಾಮುಖಿ ದ್ವೀಪಗಳೇ. ಅಲ್ಲಿ ಲಾವಾ ಹರಿದಿದೆ, ಹಾಗಾಗಿ ಊರುಗಳೂ ಇವೆ, ಆಡಳಿತವೂ ಇದೆ. ಪುಟ್ಟ ಲಿನೋಸಾ ಮತ್ತು ಲಂಪೆದೂಸಾ ಸೇರಿ ಒಂದೇ ಪುರಸಭೆ. ಲಂಪೆದೂಸಾ ಮಾತ್ರ ಸುಣ್ಣಕಲ್ಲಿನದು, ಆಫ್ರಿಕಾದ ಖಂಡದಂಚಿನ ಮೇಲೆ ಕೂತಿದೆ, ಸಿಸಿಲಿಗಿಂತ ಟುನೀಷಿಯಾವೇ ಅದಕ್ಕೆ ಹತ್ತಿರ. ಸಿಸಿಲಿಯ ಉತ್ತರಕ್ಕಿರುವ ಏಯೋಲಿಯನ್ ದ್ವೀಪಗಳ ಆಡಳಿತ ಇನ್ನೊಂದು ಥರ. ಸ್ಟ್ರಾಂಬೊಲಿಯೂ ಸೇರಿ ಆರು ದ್ವೀಪಗಳಿಗೆ ಲಿಪಾರಿಯ ಪುರಸಭೆ ಒಂದೇ. 30 ಚದರ ಕಿ.ಮೀ. ಕೂಡ ಇಲ್ಲದ ಸಲೀನಾಕ್ಕೆ ಮೂರು ಪುರಸಭೆ! ಇಂಥ ಸ್ಥಳೀಯ ಸಂಸ್ಥೆಗಳ ಕಾನೂನು ಮಾಡುವ ಅಧಿಕಾರ ಸಿಸಿಲಿಯ ರಾಜಧಾನಿ ಪಲೆರ್ಮೋದ ಶಾಸನಸಭೆಗಿದೆ. ಸಿಸಿಲಿಗೆ 1946ರಲ್ಲೇ, ಅಂದರೆ ಇಟಲಿಯ ಈಗಿನ ಸಂವಿಧಾನಕ್ಕೂ ಮೊದಲೇ ಸ್ವಾಯತ್ತತೆ ಸಿಕ್ಕಿತ್ತು.

ಫರ್ಡಿನಾಂಡಿಯಾದ ತುದಿ ಈಗ ನೀರಿನಿಂದ ಸುಮಾರು 8 ಮೀಟರ್ ಕೆಳಗಿದೆ. 2000ದಲ್ಲಿ ಮುಳುಗುಗಾರರು, ಇದು ಸಿಸಿಲಿಯ ಜನರದ್ದು ಅಂತ ಕೆತ್ತಿಸಿದ ಅಮೃತಶಿಲೆ ಫಲಕ ಅಲ್ಲಿ ಇಟ್ಟು ಬಂದರು. ಆಮೇಲೆ ನೋಡಿದರೆ ಅದು ಒಡೆದುಹೋಗಿತ್ತು. ಒಡೆಯದಿದ್ದರೂ ಕಾನೂನಿನ ಬಲವೇನೂ ಅದಕ್ಕಿರಲಿಲ್ಲ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ಭರತದ ಹೊತ್ತಿನಲ್ಲೂ ನೀರಿನ ಮೇಲೆ ಕಾಣುವ ನೆಲ ಮಾತ್ರ ದ್ವೀಪ. 2002ರಲ್ಲಿ ಆ ಭಾಗದಲ್ಲಿ ಕಂಪನಗಳಾದಾಗ ದ್ವೀಪ ಮತ್ತೆ ಏಳುತ್ತದೆ ಅಂತ ಸುದ್ದಿ ಹಬ್ಬಿತ್ತು, ಏಳಲಿಲ್ಲ. ಮುಂದೆ ಎದ್ದರೂ ಲಾವಾ ಹರಿಯದಿದ್ದರೆ ಒಂದು ಚಳಿಗಾಲದ ಅಲೆಗಳನ್ನು ದಾಟುವುದು ಕಷ್ಟ.